ಕ್ಷಮೆ ಕೇಳಿದ ದಿನ

ಕಲ್ಯಾಣದುರ್ಗದ ಹತ್ತಿರದ ನಮ್ಮೂರಿನಲ್ಲಿ, ಹಿಂದೆ ಜೀತಕ್ಕಿದ್ದವರ ಮಕ್ಕಳಲ್ಲಿ ಕ್ಷಮೆ ಕೇಳುವ ಸಭೆ ನಡೆಯಿತು. ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿರುವ ಶಿವಯೋಗಪ್ಪನವರು ತಮ್ಮ ಹಳೇ ಮನೆಯ ಅಂಗಳದಲ್ಲೇ ಶಾಮಿಯಾನ ಹಾಕಿಸಿದ್ದರು. ಸಣ್ಣಕ್ಕನ ಅವ್ವ ಆ ಮನೆಯಲ್ಲಿ ಜೀತ ಮಾಡಿ, ಒಂದು ದಿನವೂ ಆ ಅಂಗಳದಲ್ಲಿ ಕೂರದೆ ಸತ್ತವಳು. ಅವಳ ಪರವಾಗಿ ಒಮ್ಮೆ ಅಲ್ಲಿ ಕೂರಬೇಕೆಂದೇ ಸಣ್ಣಕ್ಕ ಬಂದಿದ್ದಳು. ಮುಂದಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತ್ತು.

“ನಮ್ಮ ಹಿರೀಕರು ನಿಮ್ಮನ್ನ ಮನುಷ್ಯರಂಗೆ ಕಾಣ್ಲಿಲ್ಲ, ಕ್ಷಮಿಸ್ಬೇಕು,” ಎಂದು ಶಿವಯೋಗಪ್ಪನವರು ಮೈಕಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಶಿವಯೋಗಪ್ಪನವರ ಬೀಗರ ಕಾರು ಬಂತು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

“ಏಯ್ ಸಣ್ಣಕ್ಕ, ಎದ್ದೇಳಮ್ಮ. ಬೀಗ್ರು ಕೂತ್ಕಳ್ಳಿ,” ಎಂದು ಶಿವಯೋಗಪ್ಪನವರು ಮೈಕಿನಲ್ಲೇ ಅಂದುಬಿಟ್ಟರು.

ಸಣ್ಣಕ್ಕ ಅರ್ಧ ಎದ್ದೇ ಬಿಟ್ಟಿದ್ದಳು. ಆಮೇಲೆ ಕುರ್ಚಿಯ ಕೈ ಹಿಡಿದು ಮತ್ತೆ ಕೂತಳು.

“ಇರಿ ಸಾಮಿ, ಈಗ ತಾನೆ ಕ್ಷಮೆ ಕೇಳಿದ್ರಲ್ಲ. ಕೂತ್ಕಂಡೇ ಯೋಚ್ನೆ ಮಾಡ್ತೀನಿ,” ಎಂದಳು.

ಬೀಗರು ಸಭೆ ಮುಗಿಯುವವರೆಗೂ ಕಂಬಕ್ಕೊರಗಿ ನಿಂತರು. ಊಟದ ಹೊತ್ತಿಗೆ ಶಿವಯೋಗಪ್ಪನವರು ಬೀಗರ ಎರಡೂ ಕೈ ಹಿಡಿದು, ಮೈಕಿಲ್ಲದೆ, ಮನಸಾರೆ ಕ್ಷಮೆ ಕೇಳಿದರು.