ಮುನ್ನೂರ ಹನ್ನೆರಡನೆಯ ಸುತ್ತು

"ನಿಧಾನ ಕ್ಲೀಟ್, ಮೆಟ್ಟಿಲಿದೆ!" ಎಂದು ಹಿಂದಿನಿಂದ ಹಾಯ್ಟ್ ಕೂಗಿದ.

ಕ್ಲೀಟ್ ಸ್ಟೇಮಿ ಅಣ್ಣನ ಶವಪೆಟ್ಟಿಗೆಯ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ಎಪ್ಪತ್ತಾರು ವರ್ಷದ ಮೊಣಕಾಲನ್ನು ಬೈದುಕೊಳ್ಳುತ್ತಾ ಚರ್ಚಿನ ಮೆಟ್ಟಿಲು ಹತ್ತಿದ.

"ಏನಪ್ಪಾ ಇಷ್ಟು ಭಾರ! ಗುಜರಿ ದುಡ್ಡೆಲ್ಲಾ ಜೊತೇಲೇ ತಗೊಂಡು ಹೊರಟನೋ ಹೇಗೆ?" ಹಾಯ್ಟ್ ಏದುಸಿರು ಬಿಡುತ್ತಾ ಅಂದ.

ಹೊತ್ತಿದ್ದ ಆರು ಜನರಲ್ಲಿ ನಾಲ್ವರು ನಕ್ಕರು. ಕ್ಲೀಟ್ ನಗಲಿಲ್ಲ. ನಲವತ್ತಮೂರು ವರ್ಷಗಳಿಂದ ಅವನು ಅಣ್ಣ ವರ್ಲಿನ್ ಜೊತೆ ಒಂದು ಮಾತೂ ಆಡಿರಲಿಲ್ಲ. ಇವತ್ತೂ ಬರುತ್ತಿರಲಿಲ್ಲವೇನೋ. ಮೊನ್ನೆ ಅಣ್ಣನ ಹೆಂಡತಿ ಆರ್ಡಿತ್ ಫೋನು ಮಾಡಿ, "ಬರ್ತೀಯೋ ಇಲ್ವೋ ಅಂತ ಕೇಳ್ತಿಲ್ಲ ಕ್ಲೀಟ್, ಎಷ್ಟೊತ್ತಿಗೆ ಬರ್ತೀಯಾ ಅಂತ ಕೇಳ್ತಿದೀನಿ. ಪೆಟ್ಟಿಗೆಗೆ ಹೆಗಲು ಕೊಡ್ಬೇಕು, ಆಮೇಲೆ ಎದ್ದು ನಾಲ್ಕು ಮಾತಾಡ್ಬೇಕು," ಎಂದು ಹೇಳಿ ಫೋನಿಟ್ಟಿದ್ದಳು.

ಪ್ರಾರ್ಥನೆಗೆ ಇನ್ನೂ ಒಂದು ಗಂಟೆಯಿತ್ತು. ಚರ್ಚಿನ ಕೆಳಗಿನ ಹಜಾರದಲ್ಲಿ ಹೆಂಗಸರು ಕರಿದ ಕೋಳಿ, ಬೇಯಿಸಿದ ಬೀನ್ಸು, ಬಾಳೆಹಣ್ಣಿನ ಪುಡಿಂಗು ಜೋಡಿಸಿದ್ದರು. ಉತ್ತರ ಕ್ಯಾರೊಲಿನಾದ ಬೆಟ್ಟದ ಬುಡದ ಅಷ್ಟೂ ಊರುಗಳು ಅಲ್ಲಿ ನೆರೆದಿದ್ದವು. ಯಾವ ತಟ್ಟೆಯ ಸುತ್ತ ನೋಡಿದರೂ ಒಂದೇ ಮಾತು.

"ಹೆದ್ದಾರಿ ಪಕ್ಕದ ಜಮೀನೊಂದಕ್ಕೇ ಎಂಬತ್ತು ಲಕ್ಷ ಡಾಲರ್ ಬಂತಂತೆ."

"ಅಷ್ಟು ಬಂದ್ರೂ ಆ ಹಳೇ ಟ್ರಕ್ಕಿಗೆ ಒಂದು ಹೊಸ ಸೀಟು ಹಾಕಿಸ್ಲಿಲ್ಲ ನೋಡು! ಸ್ಪ್ರಿಂಗು ಹೊರಗೆ ಬಂದಿತ್ತು."

"ಕೇಳಿದ್ದೆ ನಾನು. ಚುಚ್ಚಿದ್ರೆ ನಿದ್ದೆ ಬರಲ್ಲ, ಒಳ್ಳೇದೇ ಆಯ್ತು ಅಂದ."

ಕ್ಲೀಟ್ ಕೋಳಿಯ ತುಂಡನ್ನು ಮುಟ್ಟದೆ ಹಾಗೇ ಕುಳಿತಿದ್ದ.

*

ಹದಿನೆಂಟು ವರ್ಷ ವರ್ಲಿನ್ ಸ್ಟೇಮಿ ರೇಸಿಗೆ ಹದಮಾಡಿದ ಮಾಮೂಲಿ ಕಾರು, ಅಂದರೆ ಸ್ಟಾಕ್ ಕಾರ್ ಓಡಿಸಿದ. ಮಣ್ಣಿನ ಮೈದಾನದಲ್ಲಿ ಅಪ್ಪನ ಫೋರ್ಡಿನಿಂದ ಶುರುಮಾಡಿ ಒಟ್ಟು ಇಪ್ಪತ್ತೇಳು ರೇಸು ಗೆದ್ದ. ಬೇರೆಯವರು ಗಾಡಿಯನ್ನು ಹೊಡೆದು ಓಡಿಸಿದರೆ ಇವನು ಕೇಳಿಸಿಕೊಂಡು ಓಡಿಸುತ್ತಿದ್ದ. ಎಂಜಿನ್ನಿನ ದನಿ ಕೂದಲೆಳೆಯಷ್ಟು ಬದಲಾದರೂ ಅವನಿಗೆ ತಿಳಿಯುತ್ತಿತ್ತು. ಯಾರನ್ನೂ ಬೇಕೆಂದು ಗೋಡೆಗೆ ತಳ್ಳಿದವನಲ್ಲ. ಗಾಡಿ ಮೈದಾನದ ಬದಿಯ ರಿಪೇರಿ ಜಾಗಕ್ಕೆ, ಪಿಟ್ಟಿಗೆ, ಬಂದು ನಿಂತಾಗ ಟೈರು ಬದಲಿಸುವ ಕೆಲಸ ತಮ್ಮ ಕ್ಲೀಟನದು. ಅವನ ಕೈವೇಗದ ಮಾತು ಮೈದಾನದಿಂದ ಮೈದಾನಕ್ಕೆ ಹರಡಿತ್ತು.

೧೯೮೧ರ ಅಕ್ಟೋಬರಿನಲ್ಲಿ ಲಾರೆಲ್ ಫಾಲ್ಸಿನಲ್ಲಿ ನಾನೂರು ಸುತ್ತಿನ ರೇಸು. ಗೆದ್ದರೆ ಆ ವರ್ಷದ ಚಾಂಪಿಯನ್ ಪಟ್ಟ ವರ್ಲಿನ್ನನದು, ಬಹುಮಾನದ ಮೂರನೆಯ ಒಂದು ಪಾಲು ಕ್ಲೀಟನದು. ಆ ಪಾಲಿನ ಮೇಲೆ ಕ್ಲೀಟ್ ಆಗಲೇ ಒಂದು ಮನೆ ನೋಡಿಟ್ಟಿದ್ದ. ಮುನ್ನೂರ ಹನ್ನೆರಡನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ವರ್ಲಿನ್, ಯಾರೂ ಕರೆಯದೆ ಪಿಟ್ಟಿಗೆ ಬಂದ. ಕ್ಲೀಟ್ ಟೈರು ಹಿಡಿದು ಓಡಿದ. ಅಣ್ಣ ಎಂಜಿನ್ ಆರಿಸಿದ, ಕೈಗವಸು ಕಳಚಿದ, ಬೆಸೆದ ಬಾಗಿಲ ಕಿಟಕಿಯಿಂದ ಹೊರಗೆ ಬಂದ.

"ಏನಾಯ್ತು? ಗಾಡಿಗೇನಾಯ್ತು?"

"ಗಾಡಿ ಚೆನ್ನಾಗಿದೆ."

"ಮತ್ತೆ?"

"ಸಾಕು, ಕ್ಲೀಟ್. ಮುಗೀತು," ಎಂದವನು ಮೈದಾನ ದಾಟಿ ನಡೆದೇ ಹೋದ.

ಹೆದರಿದ ಎಂದರು ಜನ. ಎಲ್ಲರಿಗಿಂತ ಜೋರಾಗಿ ಹೇಳಿದವನು ಕ್ಲೀಟ್. ಕ್ಷೌರದಂಗಡಿಯಲ್ಲಿ ಹೇಳಿದ, ತಾನು ಕೆಲಸಕ್ಕೆ ಸೇರಿದ ಕುರ್ಚಿ ಕಾರ್ಖಾನೆಯಲ್ಲಿ ಹೇಳಿದ. ವರ್ಲಿನ್ ಮಾತ್ರ ಹಳ್ಳದ ಪಕ್ಕ ಜಾಗ ಕೊಂಡು ಒಡೆದ ಕಾರುಗಳ ಗುಜರಿ ಇಟ್ಟ. ಊರು ನಕ್ಕಿತು. ಆದರೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಇದು ಯಾವ ವರ್ಷದ, ಯಾವ ಗಾಡಿಯ ಗೇರು ಎಂದು ಹೇಳುತ್ತಿದ್ದ ಅವನ ಹತ್ತಿರ ನಾಲ್ಕು ರಾಜ್ಯಗಳಿಂದ ಜನ ಬಂದರು. ಮೂವತ್ತು ಎಕರೆ ಇನ್ನೂರಾಯಿತು. ರೇಸಿನಲ್ಲಿ ಕಂಡಿದ್ದರ ಹತ್ತರಷ್ಟು ದುಡ್ಡನ್ನು ನಿಂತುಹೋದ ಗಾಡಿಗಳಲ್ಲಿ ಕಂಡ. ಒಮ್ಮೆ ಗುಜರಿಯ ಅರ್ಧವನ್ನು ತಮ್ಮನ ಹೆಸರಿಗೆ ಬರೆಸಿಕೊಂಡು ಕ್ಲೀಟನ ಮನೆ ಬಾಗಿಲಿಗೂ ಬಂದಿದ್ದ. ಕ್ಲೀಟ್ ಬಾಗಿಲು ತೆರೆಯಲಿಲ್ಲ.

*

"ಇಲ್ಲಿ ಕೂತ್ಕೋಬಹುದಾ?"

ಗಾರ್ಲಂಡ್ ಎಲ್ಲರ್. ಅವತ್ತು ಇಪ್ಪತ್ತೊಂದರ ಹೊಸಬ, ವರ್ಲಿನ್ ಬಿಟ್ಟುಹೋದ ರೇಸನ್ನು ಗೆದ್ದವನು. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಒಂದು ವಿಷಯ ಕ್ಲೀಟ್. ಆರ್ಡಿತ್‌ಗೆ ಬಿಟ್ಟರೆ ನಾನು ಯಾರಿಗೂ ಹೇಳಿಲ್ಲ. ಅವತ್ತು ನಾನು ಅವನ ಎಡಗಡೆ, ಒಳಸಾಲಲ್ಲಿದ್ದೆ. ಬಾಗಿಲಿಗೆ ಬಾಗಿಲು ತಾಗೋ ಹಾಗೆ. ಅಲ್ಲಿ ಯಾರೂ ಇಲ್ವೇನೋ ಅನ್ನೋ ಹಾಗೆ ನನ್ನ ಮೇಲೇ ಬಂದುಬಿಟ್ಟ."

"ತಳ್ಳಿದ್ನಾ? ವರ್ಲಿನ್ನಾ?"

"ಅದೇ ಅಲ್ವಾ! ಅವನು ಅಂಥವನಲ್ಲ. ತಗಡು ಕಿರುಚಿದ ಮೇಲೆ ಕತ್ತು ಇಷ್ಟು, ಪೂರ್ತಿ ತಿರುಗಿಸಿ ನನ್ನನ್ನ ನೋಡಿದ. ದೆವ್ವ ಕಂಡವನ ಹಾಗಿತ್ತು ಮುಖ. ಸ್ಟೀರಿಂಗ್ ಎಳೆದು ನನ್ನ ಉಳಿಸಿದ. ಅದಾಗಿ ಎರಡೇ ಸುತ್ತಿಗೆ ಪಿಟ್ಟಿಗೆ ಹೋದ."

ಕ್ಲೀಟ್ ತಟ್ಟೆ ಪಕ್ಕಕ್ಕಿಟ್ಟು ಎದ್ದ.

ಆರ್ಡಿತ್ ಪಾದ್ರಿಯ ಕೋಣೆಯಲ್ಲಿ ಒಬ್ಬಳೇ ಕಾಫಿ ಕುಡಿಯುತ್ತಾ ಕುಳಿತಿದ್ದಳು. ಅವನು ಕೇಳುವ ಮೊದಲೇ ಬಾಗಿಲು ಹಾಕು ಎಂದು ಸನ್ನೆ ಮಾಡಿದಳು.

"ಗಾರ್ಲಂಡ್ ಹೇಳಿದ್ನಾ? ಹೇಳಲಿ ಅಂತಾನೇ ನಿನ್ನ ಹತ್ರ ಕಳಿಸ್ದೆ. ಎಡಗಣ್ಣು ಕಾಣ್ತಿರಲಿಲ್ಲ ಅವನಿಗೆ. ವರ್ಷದಿಂದ ಮಸುಕಾಗ್ತಿತ್ತು. ಪೂರ್ತಿ ಹೋಗಿದೆ ಅಂತ ಗೊತ್ತಾಗಿದ್ದು ಆ ಸುತ್ತಿನಲ್ಲಿ."

"ಹೇಳ್ಬಹುದಿತ್ತಲ್ಲ!" ಕ್ಲೀಟನ ದನಿ ಎದ್ದಿತು. "ಹೇಡಿ ಅಂದೆ ನಾನು ಅವನನ್ನ. ಸಿಕ್ಕಸಿಕ್ಕವರ ಮುಂದೆ ಅಂದೆ. ಕಣ್ಣು ಹೋಗಿದೆ ಅಂತ ಒಂದು ಮಾತು ಹೇಳಿದ್ರೆ ಏನು ಗಂಟು ಹೋಗ್ತಿತ್ತು?"

"ಹೇಳಿದ್ರೆ, ಯಾಕೆ ಹೋಯ್ತು ಅಂತ ನೀನು ಕೇಳ್ತಿದ್ದೆ."

*

ಆ ಲಾರೆಲ್ ಫಾಲ್ಸ್ ರೇಸಿಗೆ ಹಿಂದಿನ ವರ್ಷದ ವಸಂತದಲ್ಲಿ ಕ್ಲೀಟ್ ತನ್ನ ಬದುಕಿನಲ್ಲೇ ಅತಿ ಬೇಗ ಟೈರು ಬದಲಿಸಿದ್ದ. ಪಕ್ಕದ ತಂಡದವರು ಕೆಲಸ ಬಿಟ್ಟು ನಿಂತು ನೋಡಿದ್ದರು. ಗಾಡಿ ಹೊರಟ ಮೇಲೆ ಕ್ಲೀಟ್ ಟೋಪಿ ಗಾಳಿಗೆಸೆದು ಕುಣಿದಿದ್ದ. ನಾಲ್ಕು ಸುತ್ತು ಕಳೆದ ಮೇಲೆ ಬಲಮುಂದಿನ ಚಕ್ರ ಕಳಚಿ ತಾನೇ ಮುಂದೋಡಿತು. ಗಾಡಿ ಗೋಡೆಗೆ ಬಡಿಯಿತು, ವರ್ಲಿನ್ನನ ತಲೆಯ ಎಡಭಾಗ, ಕಣ್ಣಿನ ಪಕ್ಕ, ಗಾಡಿಯೊಳಗಿನ ಕಬ್ಬಿಣದ ಕಂಬಿಗೆ ಬಡಿಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಎದ್ದುಬಂದವನು, "ಬೋಲ್ಟ್ ಮುರೀತು, ಕೆಟ್ಟ ಕಬ್ಬಿಣ," ಎಂದು ಎಲ್ಲರ ಮುಂದೆ ಹೇಳಿದ. ಕ್ಲೀಟ್ ಆ ಬೋಲ್ಟ್ ಮಾಡಿದವರನ್ನು ಬೈದದ್ದೇ ಬೈದದ್ದು. ಟೈರು ಬದಲಿಸಿದ ವೇಗವನ್ನು ಮಾತ್ರ ಆಮೇಲೂ ಮೊನ್ನೆ ಮೊನ್ನೆಯವರೆಗೂ ಹೇಳಿಕೊಂಡಿದ್ದ.

*

"ಒಂದು ಬೋಲ್ಟೂ ಮುರಿದಿರಲಿಲ್ಲ ಕ್ಲೀಟ್," ಆರ್ಡಿತ್ ಮೆಲ್ಲಗೆ ಅಂದಳು. "ನಟ್ಟು ಬಿಗಿದೇ ಇರಲಿಲ್ಲ. ಗ್ಯಾರೇಜಿನಲ್ಲಿ ಒಬ್ಬನೇ ಕೂತು ನೋಡಿದ. ಆಮೇಲೆ ನಾವಿಬ್ರೂ ಹೋಗಿ ಆ ಮುರಿಯದ ಬೋಲ್ಟುಗಳನ್ನ ಕೆರೆಗೆ ಹಾಕಿ ಬಂದ್ವಿ."

ಕ್ಲೀಟ್ ತನ್ನ ಕೈಗಳನ್ನು ನೋಡಿಕೊಂಡ.

"ಹೇಳಿಬಿಡೋಣ ಅಂತ ಎಷ್ಟು ಸಲ ಬೇಡಿಕೊಂಡೆ ಗೊತ್ತಾ? ಅವನು ಒಪ್ಪಲಿಲ್ಲ. ‘ನನ್ನ ಮೇಲಿನ ಸಿಟ್ಟು ಹೊತ್ಕೊಂಡು ಕ್ಲೀಟ್ ಆರಾಮಾಗಿ ಬದುಕ್ತಾನೆ, ಇದನ್ನ ಹೊತ್ಕೊಂಡ್ರೆ ಬದುಕಲ್ಲ’ ಅಂತಿದ್ದ. ನಾನು ಅವನಷ್ಟು ಒಳ್ಳೆಯವಳಲ್ಲಪ್ಪ. ನೀನು ಅಂಗಡೀಲಿ ಎದುರು ಸಿಕ್ಕಿ ಮುಖ ತಿರುಗಿಸ್ದಾಗೆಲ್ಲ ನಾಲಿಗೆ ತುದಿಗೆ ಬರ್ತಿತ್ತು."

"ಮತ್ತೆ ಈಗ ಯಾಕೆ?"

"ನಿನ್ನ ಕೈಲಿ ಸುಳ್ಳು ಹೇಳಿಸಿ ಅವನನ್ನ ಮಣ್ಣು ಮಾಡೋಕೆ ನನಗಿಷ್ಟ ಇಲ್ಲ. ಮಾತಾಡೋದಾದ್ರೆ ಗೊತ್ತಿದ್ದು ಮಾತಾಡು. ಆಗಲ್ಲ ಅಂದ್ರೆ ಪಾದ್ರಿಗಳಿಗೆ ನಾನೇ ಹೇಳ್ತೀನಿ."

ಮೇಲೆ ಪ್ರಾರ್ಥನೆಗೆ ಆರ್ಗನ್ ವಾದ್ಯ ಶುರುವಾಯಿತು.

ಕ್ಲೀಟ್ ಎದ್ದು ನಿಂತಾಗ ಚರ್ಚಿನಲ್ಲಿ ಸೀಟಿಲ್ಲದೆ ಗೋಡೆಯುದ್ದಕ್ಕೂ ಜನ ನಿಂತಿದ್ದರು. ಅಣ್ಣ ತಮ್ಮನ ಜಗಳ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ.

"ನಮ್ಮಣ್ಣ ಹೆದರಿದ ಅಂತ ನಿಮಗೆಲ್ಲಾ ಹೇಳಿದ್ದು ನಾನು," ಎಂದ ಕ್ಲೀಟ್. "ಒಬ್ಬೊಬ್ಬರಿಗೂ ಹೇಳಿದೀನಿ. ಹಾಯ್ಟ್, ನಿನಗಂತೂ ನೂರು ಸಲ ಹೇಳಿದೀನಿ. ಅದು ಸುಳ್ಳು. ಅವನಿಗೆ ಎಡಗಣ್ಣು ಹೋಗಿತ್ತು. ಗೆಲ್ಲೋದು ಕೈಯಲ್ಲಿತ್ತು. ಪಕ್ಕದಲ್ಲಿದ್ದ ಗಾರ್ಲಂಡ್ ಸಾಯ್ತಾನೆ ಅಂತ ಗಾಡಿ ನಿಲ್ಸಿದ. ಕಣ್ಣು ಯಾಕೆ ಹೋಯ್ತು ಅಂದ್ರೆ..."

ಮುಂದಿನ ಸಾಲಿನಲ್ಲಿ ಆರ್ಡಿತ್ ಬೇಡ ಎನ್ನುವಂತೆ ತಲೆಯಾಡಿಸಿದಳು.

"ನಾನು ನಟ್ಟು ಬಿಗೀಲಿಲ್ಲ. ಕುಣಿಯೋ ಅವಸರ ನನಗೆ. ಅದು ನನಗೆ ಗೊತ್ತಾಗದ ಹಾಗೆ ನೋಡ್ಕೊಳ್ಳೋಕೆ ಅವನು ನನ್ನ ಬಾಯಲ್ಲಿ ನಲವತ್ತಮೂರು ವರ್ಷ ಹೇಡಿ ಅನ್ನಿಸ್ಕೊಂಡ. ಅವನು ಎಷ್ಟು ದುಡ್ಡು ಬಿಟ್ಟುಹೋದ ಅಂತ ಕೆಳಗೆ ಮಾತಾಡ್ತಿದ್ರಿ. ಅವನು ಬಿಟ್ಟುಹೋಗಿದ್ದು ಏನು ಅಂತ ನನಗೆ ಗೊತ್ತಾಗಿ ಅರ್ಧ ಗಂಟೆ ಆಯ್ತು."

ಅವನು ಹೋಗಿ ಕುಳಿತ. ಗಾರ್ಲಂಡ್ ಎಲ್ಲರ್ ಎದ್ದು ನಿಂತ. ಅವನ ಹಿಂದೆ ಹಾಯ್ಟ್, ಆಮೇಲೆ ಒಂದೊಂದೇ ಬೆಂಚು ಕಿರುಗುಟ್ಟಿ ಇಡೀ ಚರ್ಚು ಎದ್ದು ನಿಂತಿತು.

ಸ್ಮಶಾನ ಒಂಬತ್ತು ಮೈಲಿ ದೂರ, ಬೆಟ್ಟದ ಮೇಲೆ. "ನೀನು ಅವನ ಜೊತೆ ಹೋಗು," ಎಂದು ಆರ್ಡಿತ್ ಕ್ಲೀಟನನ್ನು ಶವದ ಗಾಡಿಯ ಮುಂದಿನ ಸೀಟಿಗೆ ಹತ್ತಿಸಿದಳು. ಗಾಡಿ ಓಡಿಸುತ್ತಿದ್ದವರು ಮಿಸ್ ಫ್ರೀಡಾ ಟೀಗ್, ತಂದೆಯ ಕಾಲದಿಂದ ಊರಿನ ಸತ್ತವರನ್ನೆಲ್ಲ ಹೊತ್ತು ತಂದವರು.

ಎದುರು ಬರುತ್ತಿದ್ದ ಕಾರುಗಳು ಶವಕ್ಕೆ ಗೌರವವಾಗಿ ಒಂದೊಂದಾಗಿ ಅಂಚಿಗೆ ಸರಿದು ನಿಂತವು. ಮರದ ದಿಮ್ಮಿ ಹೊತ್ತ ಲಾರಿಯೊಂದು ನಿಂತಿತು. ಅದರ ಡ್ರೈವರ್ ಕೆಳಗಿಳಿದು ಟೋಪಿ ತೆಗೆದು ಎದೆಗಿಟ್ಟುಕೊಂಡ. ಮುಂದಿನ ರಸ್ತೆ ತಿರುವಿನವರೆಗೂ ಖಾಲಿಯಾಗಿ ಹೊಳೆಯುತ್ತಿತ್ತು. ವೇಗದ ಮುಳ್ಳು ಗಂಟೆಗೆ ಇಪ್ಪತ್ತು ಮೈಲಿ ತೋರಿಸುತ್ತಿತ್ತು.

"ಮಿಸ್ ಫ್ರೀಡಾ," ಎಂದ ಕ್ಲೀಟ್, "ಸ್ವಲ್ಪ ಜೋರಾಗಿ ಓಡಿಸ್ತೀರಾ?"

"ಏನಂದ್ರಿ?"

"ಅವನು ಇಷ್ಟು ನಿಧಾನವಾಗಿ ಯಾವತ್ತೂ ಹೋಗಿಲ್ಲ."

ಆಕೆ ಕನ್ನಡಿಯಲ್ಲಿ ಹಿಂದಿನ ಕಾರುಗಳ ಸಾಲನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಆಕ್ಸಲರೇಟರ್ ಒತ್ತಿದರು. ಮುಳ್ಳು ಮೂವತ್ತು ದಾಟಿತು, ನಲವತ್ತು ದಾಟಿತು, ಅರವತ್ತರ ಹತ್ತಿರ ನಡುಗಿತು. ಹಿಂದೆ ದೀಪ ಹೊತ್ತಿಸಿಕೊಂಡ ಅಷ್ಟೂ ಕಾರುಗಳು ಬಾಲ ಬಿಡದೆ ಬಂದವು. ಎಡಕ್ಕೆ ವಾಲಿದ ದೊಡ್ಡ ತಿರುವಿನಲ್ಲಿ ಉದ್ದನೆಯ ಕಪ್ಪು ಗಾಡಿ ಒಳ ಅಂಚನ್ನು ಹಿಡಿದು ತಿರುಗಿತು. ತೆರೆದ ಕಿಟಕಿಯಿಂದ ನುಗ್ಗಿದ ಗಾಳಿಗೆ ಪೆಟ್ಟಿಗೆಯ ಮೇಲಿನ ಬಿಳಿ ಹೂಗಳು ಕಿತ್ತೆದ್ದು, ಕ್ಲೀಟನ ಹೆಗಲು ಸವರಿ, ಹೊರಗೆ ಹಾರಿ, ರಸ್ತೆಯುದ್ದಕ್ಕೂ ಉರುಳಿಕೊಂಡು ಹಿಂದೆ ಉಳಿದವು.