ನೂರು ಇಂಚಿನ ಪದವಿ

ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲಿ ಸುದ್ದಿಯನ್ನು ಫೂಟುಪಟ್ಟಿಯಿಂದ ಅಳೆಯುತ್ತಿದ್ದರು. ಎಂ.ಎ. ಬೇಕಾದವನು ತನ್ನ ಹೆಸರಿನಲ್ಲಿ ಅಚ್ಚಾದ ವರದಿಗಳನ್ನು ಕತ್ತರಿಸಿ ಫೈಲಿಗೆ ಅಂಟಿಸಬೇಕು. ಎಲ್ಲ ಸೇರಿ ನೂರು ಇಂಚು ಉದ್ದವಾಗಬೇಕು. ತೊಂಬತ್ತೊಂಬತ್ತಾದರೆ ನಪಾಸು. ವಿಭಾಗದ ಮುಖ್ಯಸ್ಥರಾದ ನೀಲಕಂಠ ಸರ್ ಯಾವ ಪತ್ರಿಕೆಯಲ್ಲೂ ಒಂದು ದಿನ ದುಡಿದವರಲ್ಲ. ಮೊದಲು ಅವರು ಒಂದು ವರ್ಷದ ಡಿಪ್ಲೊಮಾ ಪಾಠ ಹೇಳುತ್ತಿದ್ದರು. ಅದು ಎರಡು ವರ್ಷದ ಎಂ.ಎ. ಆದಾಗ ನೋಟ್ಸು ಬದಲಾಗಲಿಲ್ಲ, ಬರೆಸುವ ವೇಗ ಮಾತ್ರ ಅರ್ಧಕ್ಕೆ ಇಳಿಯಿತು.

೧೯೭೪ರ ಮಾರ್ಚಿನಲ್ಲಿ ದುರ್ಗಪ್ಪನ ಫೈಲು ತೊಂಬತ್ತೊಂದು ಇಂಚಿಗೆ ಬಂದು ನಿಂತಿತ್ತು. ಕಿತ್ತೂರಿನ ಭಾಷಣ ಸ್ಪರ್ಧೆ, ಸವದತ್ತಿಯ ಹತ್ತಿ ವ್ಯಾಪಾರಿಗಳ ಸಭೆ, ರಾಮದುರ್ಗದ ಹೆಡ್‌ಮಾಸ್ತರರೊಬ್ಬರ ನಿವೃತ್ತಿ. ಆ ಹೆಡ್‌ಮಾಸ್ತರರೊಬ್ಬರೇ ಇಪ್ಪತ್ತು ಇಂಚು ಕೊಟ್ಟಿದ್ದರು. ಅವರ ಸದ್ಗುಣ ಮುಗಿಯಲಿಲ್ಲ, ಇವನೂ ಮುಗಿಸಲಿಲ್ಲ. ಇನ್ನೊಂಬತ್ತು ಇಂಚು ಸಿಕ್ಕರೆ ಪದವಿ, ಪದವಿ ಸಿಕ್ಕರೆ ಸರ್ಕಾರಿ ನೌಕರಿಗೆ ಅರ್ಜಿ. ಸಿಗದಿದ್ದರೆ ಹಾಸ್ಟೆಲಿನ ಕೋಣೆ ಬಿಟ್ಟು ಊರಿಗೆ. ಫೈಲು ಒಪ್ಪಿಸಲು ಮೂರು ವಾರ ಉಳಿದಿತ್ತು.

ಅಷ್ಟರಲ್ಲಿ ಅವನ ಊರಿನಲ್ಲೇ ಸಮಾರಂಭ ಬಂತು. ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ದಾರಿಯ ಆ ಹಳ್ಳಿಯಲ್ಲಿ, ಅವನದೇ ಕೇರಿಯಲ್ಲಿ, ಹೊಸ ನಳದ ಉದ್ಘಾಟನೆ. ಉದ್ಘಾಟಕರು ಆ ಭಾಗದ ಪುಢಾರಿ ಶಂಕರೆಪ್ಪನವರು.

ಗುರುವಾರ ಮಧ್ಯಾಹ್ನ ಹಾರ, ಭಾಷಣ, ಚಪ್ಪಾಳೆ ಎಲ್ಲ ಆದ ಮೇಲೆ ಶಂಕರೆಪ್ಪ ನಳ ತಿರುವಿದರು. ಮೊದಲು ಗಾಳಿ ಬಂತು. ಆಮೇಲೆ ಒಂದು ಜೇಡ ಬಂತು. ಆಮೇಲೆ ಏನೂ ಬರಲಿಲ್ಲ.

ಎಲ್ಲರಿಗಿಂತ ಮುಂದೆ ಕೊಡ ಹಿಡಿದು ನಿಂತಿದ್ದ ಮಾಯವ್ವ ಕೇಳಿದಳು, "ಸಾಹೇಬ್ರ, ನೀರೆಲ್ಲೈತ್ರಿ?"

"ಬರತೈತಿ ಬೇ. ದಾರ್ಯಾಗ ಐತಿ."

"ಬಸ್ಸಿಗೆ ಬರಾಕ ಹತ್ತೈತೇನ್ರಿ?"

ಹೆಂಗಸರು ನಕ್ಕರು. ಶಂಕರೆಪ್ಪ ಜೀಪಿನಲ್ಲಿ ತಂದಿದ್ದ ನೀರಿನಿಂದ ಕೈ ತೊಳೆದುಕೊಂಡು ಹೊರಟುಹೋದರು.

ದುರ್ಗಪ್ಪ ಕಂಡದ್ದನ್ನೆಲ್ಲ, ಜೇಡವನ್ನೂ ಬಿಡದೆ, ಬರೆದುಕೊಂಡು ಸಂಜೆಯ ಬಸ್ಸಿಗೆ ಬೈಲಹೊಂಗಲ ಮುಟ್ಟಿದ. 'ಮಲಪ್ರಭಾ ದೂತ' ವಾರಪತ್ರಿಕೆಯ ಸಂಪಾದಕ ಕೃಷ್ಣಾಜಿ ಲಗ್ನಪತ್ರಿಕೆಯ ಕರಡು ತಿದ್ದುತ್ತ ಕುಳಿತಿದ್ದರು.

"ಬರ್ರಿ ಎಂ.ಎ. ಸಾಹೇಬ್ರ. ನಿಮ್ಮ ನಳದ ಸುದ್ದಿ ನಿನ್ನೇನ ತಯಾರ ಆಗ್ಯದ."

"ನಿನ್ನೇನ? ಕಾರ್ಯಕ್ರಮ ಇವತ್ತ ಆತಲ್ರೀ?"

"ಪೇಪರ ನಾಳೆ ಶುಕ್ರವಾರ ಬರಬೇಕು. ಅಚ್ಚಿನ ಮೊಳಿ ಜೋಡಸಾವ ಮಡಿವಾಳೆಪ್ಪ ಒಬ್ಬನ. ಗುರುವಾರದ ಕಾರ್ಯಕ್ರಮಕ್ಕ ಕಾಯ್ಕೋತ ಕುಂತರ ಪೇಪರ ಹೊಂಡತದೇನು?"

ತಾಲೂಕಿನ ಪುಢಾರಿಗಳಿಗೆಲ್ಲ ಈ ಪದ್ಧತಿ ಗೊತ್ತಿತ್ತು. ಮಾಡಲಿರುವ ಭಾಷಣವನ್ನೂ ಬೀಳಲಿರುವ ಚಪ್ಪಾಳೆಯನ್ನೂ ಅವರು ಮಂಗಳವಾರವೇ ಬರೆದು ಕಳಿಸುತ್ತಿದ್ದರು. ಕೃಷ್ಣಾಜಿ ನಳದ ಸುದ್ದಿಯ ಕರಡು ಮುಂದೆ ತಳ್ಳಿದರು. ಅದರಲ್ಲಿ ನೀರು ಧುಮ್ಮಿಕ್ಕಿತ್ತು. ಕೇರಿಯ ಹೆಂಗಸರ ಕಣ್ಣಲ್ಲಿ ಆನಂದಬಾಷ್ಪ ಉಕ್ಕಿತ್ತು. ಶಂಕರೆಪ್ಪನವರು ಅವರ ಕೈಯಿಂದಲೇ ಬೊಗಸೆ ನೀರು ಕುಡಿದಿದ್ದರು.

"ನೀರ ಬಂದಿಲ್ರೀ," ಎಂದು ದುರ್ಗಪ್ಪ ತನ್ನ ಹಾಳೆ ಕೊಟ್ಟ.

ಕೃಷ್ಣಾಜಿ ಪೂರ್ತಿ ಓದಿದರು. ಎರಡು ಕಡೆ ನಕ್ಕರು. "ಛಲೋ ಬರದೀರಿ. ಆದ್ರ ಇದಕ್ಕ ಜಾಗಾ ಇಲ್ಲ. ಅದು ಹನ್ನೆರಡೂವರಿ ಇಂಚು ಕುಂತದ. ಹೆಸರಿನ ಜಾಗಾ ಖಾಲಿ ಬಿಟ್ಟೇನಿ. ನಿಮಗ ಎಷ್ಟ ಇಂಚು ಬೇಕಾಗಿತ್ತು?"

"ಒಂಬತ್ತು," ಎಂದ ದುರ್ಗಪ್ಪ.

ಹೆಸರಿನ ಮೊಳೆಗಳನ್ನು ಮಡಿವಾಳೆಪ್ಪ ಎರಡು ನಿಮಿಷದಲ್ಲಿ ಜೋಡಿಸಿದ.

ಶನಿವಾರ ದುರ್ಗಪ್ಪ ಊರಿಗೆ ಬರುವಷ್ಟರಲ್ಲಿ ಚಹಾದಂಗಡಿಯವನು ಪತ್ರಿಕೆಯನ್ನು ಕೇರಿಗೆಲ್ಲ ಓದಿ ಹೇಳಿಯಾಗಿತ್ತು. ಅವ್ವ ಕೆಂಪವ್ವ ಮಾತಾಡಿಸಲಿಲ್ಲ. ಮಾಯವ್ವ ಮಾತಾಡಿಸಿದಳು.

"ಏ ದುರ್ಗ್ಯಾ, ನಾ ಅತ್ತೇನಂತಲ್ಲೋ ಪೇಪರಿನ್ಯಾಗ? ಗಂಡ ಸತ್ತಾಗೂ ಅಷ್ಟ ಅತ್ತಿರಲಿಲ್ಲ."

"ಚಿಗವ್ವ, ಅದು ಮೊದಲ ಬರದಿಟ್ಟಿದ್ರು..."

"ಹೆಸರ ಯಾರದೈತಿ?"

"ನಂದ ಐತಿ."

"ಕುಂಡ್ರು. ಹಾಳಿ ತಗಿ. ನಿನ್ನ ಮ್ಯಾಲ ತಕರಾರ ಬರಿಬೇಕು. ಕೇರ್ಯಾಗ ಬರಿಯಾಕ ಬರಾವ ನೀ ಒಬ್ಬನ, ನಾವರ ಏನ ಮಾಡೂಣು?"

ಹೆಂಗಸರು ಸುತ್ತಲೂ ಕುಳಿತು ಹೇಳಿದರು, ಅವನು ಬರೆದ. 'ನಿಮ್ಮ ವರದಿಗಾರ ದುರ್ಗಪ್ಪ ಶುದ್ಧ ಸುಳ್ಳು ಬರೆದಿದ್ದಾನೆ' ಎಂಬಲ್ಲಿ 'ಶುದ್ಧ' ಬೇಡವೇನೋ ಎಂಬಂತೆ ತಲೆಯೆತ್ತಿ ನೋಡಿದ. ಕೆಂಪವ್ವ ಆ ದಿನ ಮೊದಲ ಸಲ ಬಾಯಿಬಿಟ್ಟಳು: "ಇರ್ಲಿ." ಹದಿನೇಳು ಹೆಬ್ಬೆಟ್ಟು ಬಿದ್ದವು. ಕಾಗದವನ್ನು ಅವನೇ ಬೈಲಹೊಂಗಲಕ್ಕೆ ಒಯ್ದು ಕೊಟ್ಟ. ಜಗಳವಿದ್ದರೆ ಪೇಪರು ಹೆಚ್ಚು ಮಾರಾಟವಾಗುತ್ತದೆಂದು ಕೃಷ್ಣಾಜಿ ಸಂತೋಷದಿಂದಲೇ ಮುಂದಿನ ಶುಕ್ರವಾರ ಓದುಗರ ಪತ್ರವೆಂದು ಹಾಕಿದರು.

ದುರ್ಗಪ್ಪ ಫೈಲಿಗೆ ವರದಿಯನ್ನು ಅಂಟಿಸಿದ, ಪತ್ರವನ್ನು ಅಂಟಿಸಲಿಲ್ಲ. ಆದರೆ ಕೃಷ್ಣಾಜಿ ವಿಭಾಗಕ್ಕೆ ಪ್ರತಿ ವಾರ ಪುಕ್ಕಟೆ ಪ್ರತಿ ಕಳಿಸುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ. ಮೌಖಿಕ ಪರೀಕ್ಷೆಯ ದಿನ ನೀಲಕಂಠ ಸರ್ ಮೇಜಿನ ಮೇಲೆ ಫೈಲಿನ ಪಕ್ಕದಲ್ಲೇ ಆ ಪತ್ರ ಅಚ್ಚಾಗಿದ್ದ ಸಂಚಿಕೆಯನ್ನು ಬಿಚ್ಚಿಟ್ಟಿದ್ದರು.

"ಎರಡರಾಗ ಒಂದು ಸುಳ್ಳದ. ಸುಳ್ಳು ಸುದ್ದಿ ನಾ ಅಳಿಯೂದಿಲ್ಲ. ವರದಿ ಸುಳ್ಳೋ, ಪತ್ರ ಸುಳ್ಳೋ?"

ದುರ್ಗಪ್ಪ ಫೂಟುಪಟ್ಟಿ ನೋಡಿದ. ವರದಿ ಹೋದರೆ ಮತ್ತೆ ತೊಂಬತ್ತೊಂದು. ಒಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಸರ್ ಸತ್ಯನಿಷ್ಠೆಯ ಬಗ್ಗೆ ಆರು ಪುಟ ನೋಟ್ಸು ಬರೆಸಿದ್ದರು. ಅವನಿಗೆ ಅದು ಬಾಯಿಪಾಠವಿತ್ತು.

"ಪತ್ರ ಸುಳ್ಳು ಸರ್."

"ನನಗೂ ಹಂಗ ಅನ್ನಿಸ್ತು. ಓದು ಬರಾ ಇಲ್ಲದ ಮಂದಿ, ಯಾರೋ ಎತ್ತಿ ಕಟ್ಟಿರತಾರ." ಅವರು ವರದಿಯ ಮೇಲೆ ಪಟ್ಟಿಯಿಟ್ಟರು. "ಹನ್ನೆರಡೂವರಿ. ಒಟ್ಟ ನೂರಾ ಮೂರೂವರಿ. ಆದ್ರ ಪತ್ರ ಬರದಾವ ಬರಿಯೂದು ಬಲ್ಲವ ನೋಡ್ರಿ. ಭಾಷಾ ಭಾಳ ಛಲೋ ಅದ. ಯಾರ್ರಿ ಅವ?"

"ಗೊತ್ತಿಲ್ಲ ಸರ್."

ಅವರು ಸಹಿ ಮಾಡಿದರು.

ಪಾಸಾದ ಸುದ್ದಿ ಹೇಳಲು ಅವನು ಊರಿಗೆ ಹೋದಾಗ ನಳವಿರಲಿಲ್ಲ. ತಕರಾರು ಓದಿದ ಮೇಲೆ ಶಂಕರೆಪ್ಪ ಮಂದಿ ಕಳಿಸಿ ಅದನ್ನು ಬಿಚ್ಚಿಸಿ ಒಯ್ದಿದ್ದರು. ಮಾಯವ್ವ ಹಳ್ಳದಿಂದ ಕೊಡ ಹೊತ್ತು ಬರುತ್ತಿದ್ದವಳು ಅವನನ್ನು ಕಂಡು ನಿಂತಳು. ಅವಳಿಗೆ ಅವನ ಮೇಲೆ ಸಿಟ್ಟು ಉಳಿದಿರಲಿಲ್ಲ.

"ಪಾಸಾದ್ಯೇನಪಾ?"

"ಆದೆ ಚಿಗವ್ವ."

"ನಮ್ಮ ಕಾಗದ ನೋಡಿದ್ರೇನ ನಿಮ್ಮ ದೊಡ್ಡ ಸರ್ರು?"

"ನೋಡಿದ್ರು."

"ಏನಂದ್ರು?"

"ಭಾಳ ಛಲೋ ಐತಿ ಅಂದ್ರು."

ಮಾಯವ್ವ ಕೊಡವನ್ನು ಕಟ್ಟೆಯ ಮೇಲಿಳಿಸಿ, ಮನೆಮನೆಯ ಹೆಂಗಸರನ್ನು ಹೆಸರು ಹಿಡಿದು ಕೂಗಿ ಕರೆದಳು. ಅವರೆಲ್ಲ ಬರುವಷ್ಟರಲ್ಲಿ ದುರ್ಗಪ್ಪ ಬಸ್ಸಿನ ದಾರಿ ಹಿಡಿದಿದ್ದ.