ದಾರಿಯ ತಿರುವಿನಲ್ಲಿ ಬಿಟ್ಟ ಜಾಗ

ಹಾರ್ಲೆಮ್ ಊರಿನ ಚಿತ್ರಕಾರ ಖೋವರ್ಟ್‌ಗೆ ಮರ, ಮೋಡ, ಮರಳುದಿಬ್ಬ ಬರೆಯುವುದು ನೀರು ಕುಡಿದಷ್ಟು ಸಲೀಸು. ಮನುಷ್ಯರನ್ನು ಬರೆಯಲು ಮಾತ್ರ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಆ ಕೆಲಸ ಹೆಂಡತಿ ಅಲೈಡಾಳದು. ಅವನು ಚಿತ್ರದ ಹಲಗೆಯ ಮೇಲೆ ನೆಲ, ಆಕಾಶ ಮುಗಿಸಿ ಎದ್ದರೆ ಅವಳು ಸಣ್ಣ ಕುಂಚ ಹಿಡಿದು ಕೂರುತ್ತಿದ್ದಳು.

"ಮೋಡಕ್ಕೇ ಮುಕ್ಕಾಲು ಹಲಗೆ ಬಳಿದ್ರೆ ನನ್ನ ಜನ ಎಲ್ಲಿ ಕಾಲಿಡ್ಬೇಕು ರೀ?" ಎಂದು ಗದರುತ್ತಿದ್ದಳು. ಆ ಬೈಗುಳಕ್ಕೆ ಹೆದರಿಯೇ ಅವನು ದಾರಿಯಲ್ಲಿ ಅವಳ ಜನಕ್ಕೆ ಜಾಗ ಬಿಡುವುದನ್ನು ಕಲಿತಿದ್ದ.

ಈ ಸಲದ ಚಳಿಗಾಲದಲ್ಲಿ ಜ್ವರ ಬಂದು ಅಲೈಡಾ ತೀರಿಕೊಂಡಳು.

ಮಂಜು ಕರಗಿದ ಮೇಲೆ ಬಿಯರ್ ವ್ಯಾಪಾರಿ ಲುಬ್ಬರ್ಟ್ ಚಿತ್ರ ಕೊಳ್ಳಲು ಬಂದು, ಅವಳು ಹೋದ ಮೇಲೆ ಖೋವರ್ಟ್ ಬರೆದ ಹೊಸ ಚಿತ್ರದ ಮುಂದೆ ಟೋಪಿ ತೆಗೆದು ನಿಂತ.

"ಅಬ್ಬಾ, ಎಷ್ಟು ಅರ್ಥ ತುಂಬಿದ್ದೀರಿ! ಈ ಒಣಮರ ಅಂದ್ರೆ ಸಾವು. ಆ ಬೆಳಕು ದೇವರ ಕೃಪೆ. ದಾರೀಲಿ ಒಂದು ನರಪಿಳ್ಳೆಯೂ ಇಲ್ಲ. ಲೋಕವೇ ಬರಿದು ಅಂತ ತಾನೇ?"

ಖೋವರ್ಟ್‌ಗೆ ರೇಗಿತು. "ಮರ ಒಣಗಿತ್ತು, ಒಣಗಿದ ಹಾಗೇ ಬರೆದೆ, ಯಜಮಾನ್ರೇ."

"ಹಾಗಾದ್ರೆ ಇದು?" ಲುಬ್ಬರ್ಟ್ ದಾರಿಯ ತಿರುವನ್ನು ತೋರಿಸಿದ. ಅಲ್ಲಿ ಎರಡು ಬೆರಳಿನಷ್ಟಗಲ ಬಣ್ಣವೇ ಇರಲಿಲ್ಲ.

ಖೋವರ್ಟ್ ಅದನ್ನು ಕಂಡದ್ದೇ ಆಗ. ಅವನ ಸಿಟ್ಟು ಜರ್ರನೆ ಇಳಿದುಹೋಯಿತು.

"ಅದಕ್ಕೆ ಅರ್ಥ ಗಿರ್ಥ ಏನೂ ಇಲ್ಲ," ಎಂದ. "ನನ್ನ ಹೆಂಡತಿ ಬಂದು ತುಂಬ್ತಾಳೆ ಅಂತ ಬಿಟ್ಟಿದ್ದೆ."